ಡಿಕ್ಕಿಯೊಳಗಿನ ರಬ್ಬರ್ ಬಿರಡೆ

2023ರ ಮಳೆಗಾಲದಲ್ಲಿ ನಾನು ಉಡುಪಿಯ ಹೆದ್ದಾರಿ ಬದಿಯ ಒಂದು ಕಾರು ಡೀಲರ್‌ಶಿಪ್ಪಿನ ವರ್ಕ್‌ಶಾಪಿನಲ್ಲಿ ಮಾಸ್ಟರ್ ಟೆಕ್ನಿಷಿಯನ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಉಳಿದವರು ನೋಡಿ ನೋಡಿ ಕೈಚೆಲ್ಲಿದ ಕಾರು ಕೊನೆಗೆ ನನ್ನ ಬಳಿಗೆ ಬರುತ್ತಿತ್ತು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕಾರ್ಕಳದ ಗ್ಯಾರೇಜೊಂದರಲ್ಲಿ ಜೀಪು, ಟೆಂಪೋಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವನು ನಾನು. ಆದ್ದರಿಂದ ನನಗೆ ಗೊತ್ತಿಲ್ಲದ್ದು ಕಾರಿನಲ್ಲಿ ಏನೂ ಇಲ್ಲ ಎಂಬ ಅಹಂಕಾರ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಕಂಪೆನಿಯ ದೊಡ್ಡ ಕಾರುಗಳು ಬೇಕಾದಷ್ಟಿದ್ದವು. ನನ್ನ ಪ್ರೀತಿ ಮಾತ್ರ ಅವರ ಸಣ್ಣ ಕಾರಿನ ಮೇಲೆ. ಪ್ರೀಮಿಯಂ ಕಾಂಪ್ಯಾಕ್ಟ್ ಎಂದು ಕರೆಯುತ್ತಾರೆ. ಅಂದರೆ ಗಾತ್ರದಲ್ಲಿ ಚಿಕ್ಕದು, ಮರ್ಯಾದೆಯಲ್ಲಿ ದೊಡ್ಡದು. ಮೊದಲ ಜನರೇಷನ್ನಿನ ಕಾರು ಬಂದಾಗ ನಾನು ಬಾಗಿಲನ್ನು ಹತ್ತು ಸಲ ತೆಗೆದು ಮುಚ್ಚಿದ್ದೆ. ಒಳ್ಳೆಯ ತಿಜೋರಿ ಮುಚ್ಚಿದ ಹಾಗೆ ಶಬ್ದ. ಸ್ಟೇರಿಂಗು ಎಣ್ಣೆಯ ಒತ್ತಡದಿಂದ ತಿರುಗುತ್ತಿತ್ತು, ಹ್ಯಾಂಡ್‌ಬ್ರೇಕಿಗೆ ಎಳೆಯುವ ಹಿಡಿ ಇತ್ತು, ಬಾನೆಟ್ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು.

ಎರಡನೆಯ ಜನರೇಷನ್ನಿನಲ್ಲಿ ಎಂಜಿನ್ ಸಣ್ಣದಾಯಿತು, ಶಕ್ತಿ ಹೆಚ್ಚಾಯಿತು. ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಂಬ ಯಂತ್ರ ಅದರಲ್ಲಿತ್ತು. ವ್ಯರ್ಥವಾಗಿ ಹೋಗುವ ಹೊಗೆಗೂ ಒಂದು ಕೆಲಸ ಹಚ್ಚಿದ ಆ ಎಂಜಿನಿಯರುಗಳನ್ನು ಕಂಡರೆ ಕೈಮುಗಿಯೋಣ ಎನಿಸಿತ್ತು. ಮೂರನೆಯದಂತೂ ಬೇರೆಯೇ ಲೋಕ. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ತಾನೇ ಆರಿ, ಬ್ರೇಕಿನಿಂದ ಕಾಲು ತೆಗೆದರೆ ತಾನೇ ಸ್ಟಾರ್ಟ್ ಆಗುತ್ತದೆ. ಹ್ಯಾಂಡ್‌ಬ್ರೇಕು ಬೆರಳಲ್ಲಿ ಒತ್ತುವ ಸ್ವಿಚ್ಚು. ಮುಂದಿನ ಮತ್ತು ಹಿಂದಿನ ತೂಕ ಸಮವಾಗಲೆಂದು ಬ್ಯಾಟರಿಯನ್ನು ಬಾನೆಟ್ಟಿನಿಂದ ತೆಗೆದು ಹಿಂದೆ, ಡಿಕ್ಕಿಯ ನೆಲದ ಕೆಳಗೆ ಇಟ್ಟಿದ್ದಾರೆ. ಅದಕ್ಕೆ ಜಾಗ ಮಾಡಲು ಸ್ಪೇರ್ ಟೈರನ್ನೇ ತೆಗೆದುಬಿಟ್ಟಿದ್ದಾರೆ. ಇಷ್ಟೆಲ್ಲ ಬದಲಾದರೂ ಬಾಗಿಲಿನ ಆ ಶಬ್ದ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಉಳಿಸಿಕೊಳ್ಳಲು ಯಾರೋ ಮಹಾನುಭಾವ ಕೂತು ಕೆಲಸ ಮಾಡಿರಲೇಬೇಕು.

ಈ ಮೂರೂ ಜನರೇಷನ್ನಿನ ಕಾರುಗಳನ್ನು ಒಂದಾದ ಮೇಲೊಂದು ಕೊಂಡು, ಮೂರನ್ನೂ ನನ್ನ ಕೈಯಲ್ಲೇ ಸರ್ವಿಸ್ ಮಾಡಿಸಿದ ಗಿರಾಕಿ ಒಬ್ಬರೇ. ಕಡಲ ಬದಿಯ ಹೂಡೆ ಊರಿನ ಹಮೀದ್ ಹಾಜಿಯವರು. ಜಿದ್ದಾದಲ್ಲಿ ಒಂದು ಮನೆಗೆ ಇಪ್ಪತ್ತಾರು ವರ್ಷ ಡ್ರೈವರ್ ಆಗಿದ್ದವರು. ಆ ಮನೆಯ ಯಜಮಾನಿಗೆ ಇದ್ದದ್ದು ಇದೇ ಸಣ್ಣ ಕಾರು. ದಿನಾ ಅದನ್ನು ತೊಳೆದು ಒರೆಸುವಾಗ, ಊರಿಗೆ ಹೋದ ಮೇಲೆ ನಾನೂ ಒಂದು ತೆಗೆದುಕೊಳ್ಳಬೇಕು ಎಂದುಕೊಂಡಿದ್ದರಂತೆ. ತೆಗೆದುಕೊಂಡರು. ಕಾರನ್ನು ಅವರಷ್ಟು ಚೆನ್ನಾಗಿ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ನಾನು ಹೇಳಿದ ಒಂದೊಂದು ಮಾತನ್ನೂ ಚಾಚೂ ತಪ್ಪದೆ ಪಾಲಿಸುವರು. ಈ ಕಥೆಯ ತೊಡಕು ಇರುವುದೂ ಅಲ್ಲಿಯೇ.

ಆ ವರ್ಷ ಆಗಸ್ಟಿನಲ್ಲಿ, ಹಾಜಿಯವರು ಹಿಂದಿನ ವರ್ಷವಷ್ಟೇ ಕೊಂಡಿದ್ದ ಮೂರನೆಯ ಜನರೇಷನ್ನಿನ ಹೊಸ ಕಾರು ಮೂರು ಸಲ ದಾರಿಯಲ್ಲಿ ನಿಂತಿತು. ನಿಂತಾಗಲೆಲ್ಲ ಸ್ಕ್ರೀನಿನ ತುಂಬ ಕೆಂಪು ಹಳದಿ ಎಚ್ಚರಿಕೆಗಳು, ಗೇರು ತಾನೇ ಪಾರ್ಕಿಂಗಿಗೆ ಹೋಗುವುದು, ಹಿಂದೆ ಸಾಲುಗಟ್ಟಿದ ವಾಹನಗಳ ಹಾರ್ನ್. ಅರ್ಧ ಗಂಟೆಯ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತಿತ್ತು. ನಮ್ಮ ಹುಡುಗರು ಕಂಪ್ಯೂಟರ್ ಜೋಡಿಸಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಫಾಲ್ಟ್ ಕೋಡುಗಳು. ಕೋಡೆಂದರೆ ಕಾರು ತನ್ನ ರೋಗವನ್ನು ತಾನೇ ಬರೆದಿಟ್ಟುಕೊಳ್ಳುವ ಚೀಟಿ. ಅವನ್ನು ಅಳಿಸಿ, ಹೆದ್ದಾರಿಯಲ್ಲಿ ಕಾಪುವರೆಗೆ ಓಡಿಸಿ ತಂದರೆ ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು. ಮೂರು ಸಲವೂ "ದೋಷ ಕಂಡುಬಂದಿಲ್ಲ" ಎಂದು ಬರೆದು ಕಳಿಸಿದೆವು.

ಮೂರನೆಯ ಸಲ ಹಾಜಿಯವರ ಜೊತೆಗೆ ಅವರ ಮಗಳು ನಫೀಸಾ ಬಂದಿದ್ದಳು. ಮಣಿಪಾಲದಲ್ಲಿ ಮನೆ, ಕಾರ್ಕಳದ ಕಾಲೇಜೊಂದರಲ್ಲಿ ಲೆಕ್ಚರರ್. ಅವಳನ್ನು ಶಾಲೆಗೆ ಹೋಗುವ ಕಾಲದಿಂದ ಬಲ್ಲೆ. ತಂದೆ ದೂರದಲ್ಲಿದ್ದಾಗ ನನ್ನನ್ನು ಬದಿಗೆ ಕರೆದಳು.

"ಅಂಕಲ್, ಕಾರಲ್ಲಿ ತೊಂದರೆ ಇಲ್ಲ ಅಂತ ನೀವೇ ಬರೆದು ಕೊಟ್ಟಿದ್ದೀರಿ. ಹಾಗಾದ್ರೆ ತೊಂದರೆ ಬಾಪನಿಗೆ ಅಲ್ವಾ? ಎಪ್ಪತ್ತೊಂದು ಆಯಿತು. ಎಂತದೋ ಸ್ವಿಚ್ಚು ಒತ್ತುತ್ತಾರೆ, ಮತ್ತೆ ನೆನಪಿರುವುದಿಲ್ಲ. ಮೊನ್ನೆ ಹಿಂದೆ ಬಸ್ಸಿತ್ತು, ಸ್ವಲ್ಪದರಲ್ಲಿ ತಪ್ಪಿತು. ಇನ್ನೊಂದು ಸಲ ನಿಂತರೆ ಕೀ ನನ್ನ ಹತ್ತಿರ ಇರುತ್ತದೆ. ಕಾರು ಮಾರುವುದೇ."

ಅವಳ ಹೆದರಿಕೆಯಲ್ಲಿ ತಪ್ಪೇನಿರಲಿಲ್ಲ. ಹಾಜಿಯವರಿಗೆ ಈ ಮಾತು ಕೇಳಿಸಿರಲಿಕ್ಕಿಲ್ಲ, ಆದರೆ ಅರ್ಥವಾಗಿತ್ತು. ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು: "ಆಚಾರ್ರೇ, ಕಾರಿಗೆ ಎಂತ ಆಗಿದೆ ಅಂತ ನನಗೆ ಗೊತ್ತಿಲ್ಲ. ಆದರೆ ನನಗೆ ಎಂತದ್ದೂ ಆಗಲಿಲ್ಲ. ಇಪ್ಪತ್ತಾರು ವರ್ಷ ಬೇರೆಯವರ ಕಾರು ಓಡಿಸಿದೆ, ಒಂದು ಗೀರು ಬೀಳಲಿಲ್ಲ. ನನ್ನ ಕಾರಲ್ಲಿ ಹಿಂದೆ ಕೂತುಕೊಂಡು ಹೋಗುವುದು ನನ್ನಿಂದ ಆಗುವುದಿಲ್ಲ."



ಅಂದು ಮೂರೂ ಜಾಬ್ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಕೋಡುಗಳನ್ನು ಬಿಟ್ಟು ದಿನಾಂಕಗಳನ್ನು ನೋಡಿದೆ. ಮೂರೂ ಶುಕ್ರವಾರ. ಕಾರು ನಿಂತ ಜಾಗವೂ ಒಂದೇ: ಇಂದ್ರಾಳಿಯ ರೈಲ್ವೆ ಸೇತುವೆ ಮತ್ತು ಮಣಿಪಾಲದ ಏರಿನ ನಡುವೆ. ಕಾರಿಗೆ ವಾರದ ಲೆಕ್ಕ ಗೊತ್ತಿರುವುದಿಲ್ಲ, ಮನುಷ್ಯನಿಗೆ ಮಾತ್ರ ಗೊತ್ತಿರುತ್ತದೆ. ಮುಂದಿನ ಶುಕ್ರವಾರ ನಾನೂ ಜೊತೆಗೆ ಬರುತ್ತೇನೆ ಎಂದು ಹಾಜಿಯವರಿಗೆ ಫೋನ್ ಮಾಡಿದೆ.

ಬೆಳಿಗ್ಗೆ ಏಳಕ್ಕೆ ಹೂಡೆಗೆ ಹೋದೆ. ಹಾಜಿಯವರು ಆಗಲೇ ಮೀನು ತಂದು, ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಇಡುತ್ತಿದ್ದರು. ಮೀನುಗಾರಿಕೆಯ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದಿದ್ದವು. ಒಳ್ಳೆಯ ಬಂಗುಡೆ ಸಿಗುವ ಕಾಲ. ಶುಕ್ರವಾರ ಮಣಿಪಾಲದ ಮಗಳ ಮನೆಗೆ ಮೀನು ಮುಟ್ಟಿಸಿ, ಜುಮಾ ನಮಾಜಿಗೆ ಮೊದಲು ಹೂಡೆಗೆ ವಾಪಸಾಗುವುದು ಅವರ ಹಳೆಯ ರೂಢಿ. ನಾನು ಪಕ್ಕದಲ್ಲಿ ಕೂತೆ. ಅವರು ಓಡಿಸುವುದನ್ನು ನೋಡುವುದೇ ಒಂದು ಚಂದ. ಸ್ಟೇರಿಂಗ್ ಮೇಲೆ ಎರಡೂ ಕೈ, ಕನ್ನಡಿಯ ಮೇಲೆ ಆಗಾಗ ಕಣ್ಣು, ಗುಂಡಿ ಬಂದರೆ ಬ್ರೇಕ್ ಹಿಡಿದದ್ದೇ ಗೊತ್ತಾಗದು. ಇವರಿಗೆ ಏನೂ ಆಗಿಲ್ಲ ಎಂದು ಸಂತೆಕಟ್ಟೆ ಬರುವಷ್ಟರಲ್ಲಿ ನನಗೆ ಖಾತ್ರಿಯಾಗಿತ್ತು.

ಇಂದ್ರಾಳಿಯಲ್ಲಿ ಎಂದಿನ ವಾಹನಗಳ ಸಾಲು. ನಿಂತಾಗಲೆಲ್ಲ ಎಂಜಿನ್ ಆರುವುದು, ಎರಡಡಿ ಮುಂದೆ ಹೋಗಲು ಮತ್ತೆ ಸ್ಟಾರ್ಟ್ ಆಗುವುದು. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಕಾರು ಒಮ್ಮೆ ನಡುಗಿತು, ಸ್ಕ್ರೀನ್ ಕಪ್ಪಾಗಿ ಮತ್ತೆ ಹೊತ್ತಿಕೊಂಡು ಎಲ್ಲ ಎಚ್ಚರಿಕೆಗಳನ್ನೂ ಒಟ್ಟಿಗೆ ತೋರಿಸಿತು. ಹಾಜಿಯವರು ಎರಡೂ ಕೈಗಳನ್ನು ಸ್ಟೇರಿಂಗಿನಿಂದ ಎತ್ತಿ ನನಗೆ ತೋರಿಸಿದರು. "ನೋಡಿ, ನಾನು ಎಂತದ್ದೂ ಮುಟ್ಟಲಿಲ್ಲ." ನಾವು ಮೂರು ಸಲವೂ ಟೆಸ್ಟ್ ಮಾಡಿದ್ದು ಎಲ್ಲಿಯೂ ನಿಲ್ಲದೆ ಓಡುವ ಹೆದ್ದಾರಿಯಲ್ಲಿ. ಈ ಕಾರಿನ ರೋಗವಿದ್ದದ್ದು ನಿಂತು ಹೊರಡುವುದರಲ್ಲಿ.

ಟೋ ಮಾಡಿಸಿ ವರ್ಕ್‌ಶಾಪಿಗೆ ತಂದು, ಮೀನಿನ ಪೆಟ್ಟಿಗೆ ಇಳಿಸಿ ಡಿಕ್ಕಿಯ ನೆಲಹಾಸು ಎತ್ತಿದೆ. ಬಗ್ಗಡ ನೀರು ನಿಂತಿತ್ತು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟಿಗೆ ಅರ್ಥ್ ಎನ್ನುತ್ತಾರೆ. ಅದು ಉಪ್ಪು ತಿಂದು ಹಸಿರುಗಟ್ಟಿತ್ತು. ಬ್ಯಾಟರಿಗೂ ಮೈಗೂ ನಡುವೆ ಮೀಟರ್ ಹಿಡಿದು ಸ್ಟಾರ್ಟ್ ಮಾಡಿಸಿದೆ. ಅಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ನಷ್ಟವಾಗಬಾರದು. ಎರಡೂವರೆ ತೋರಿಸಿತು. ತಣ್ಣಗಿದ್ದಾಗ ಹೇಗೋ ಹಿಡಿದುಕೊಂಡಿರುತ್ತಿದ್ದ ಅರ್ಥ್, ಪದೇ ಪದೇ ಸ್ಟಾರ್ಟ್ ಆಗಿ ಬಿಸಿಯಾದ ಮೇಲೆ ಕೈಕೊಡುತ್ತಿತ್ತು. ಮೀನಿನ ಐಸು ಕರಗಿದ ಉಪ್ಪುನೀರು ವಾರ ವಾರವೂ ಅಲ್ಲಿಗೇ ಇಳಿದಿತ್ತು.

ಆಮೇಲೆ ಕಂಡಿತು ಬಿರಡೆ. ನೆಲದ ತಗಡಿನ ಒಂದು ತೂತಿಗೆ ಹಾಕಿರುವ ಅಂಗೈಯಗಲದ ರಬ್ಬರ್ ಬಿರಡೆಯನ್ನು ಯಾರೋ ಕಿತ್ತು, ಒರೆಸಿ, ಕಳೆದುಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬದಿಯಲ್ಲಿ ಇಟ್ಟಿದ್ದರು.

2009ರಲ್ಲಿ ಹಾಜಿಯವರು ಮೊದಲ ಕಾರನ್ನು ತಂದು ಡಿಕ್ಕಿ ವಾಸನೆ ಬರುತ್ತದೆ ಎಂದಿದ್ದರು. ಆಗ ಸ್ಪೇರ್ ಟೈರ್ ಕೂರುವ ಗುಂಡಿಯ ತಳದ ರಬ್ಬರ್ ಬಿರಡೆಯನ್ನು ಕಿತ್ತು ತೋರಿಸಿ, ದೊಡ್ಡ ಪಂಡಿತನ ಹಾಗೆ ಹೇಳಿದವನು ನಾನು: "ಮೀನು ತರುವ ದಿನ ಇದನ್ನು ತೆಗೆದಿಡಿ ಹಾಜಿಯವರೇ, ನೀರು ರಸ್ತೆಗೆ ಹೋಗುತ್ತದೆ." ಕಂಪೆನಿಯ ಪುಸ್ತಕದಲ್ಲಿ ಇಲ್ಲದ ಉಪಾಯ. ಮೀನು ತಿನ್ನದವರು ಬರೆದ ಪುಸ್ತಕ ಎಂದು ನಗಾಡಿದ್ದೆ. ಕಾಪು, ಶಿರ್ವ, ಹೂಡೆಯ ಎಷ್ಟೋ ಗಿರಾಕಿಗಳಿಗೆ ಇದನ್ನೇ ಹೇಳಿಕೊಟ್ಟಿದ್ದೆ. ಎರಡನೆಯ ಜನರೇಷನ್ನಿನಲ್ಲೂ ಉಪಾಯ ನಡೆಯಿತು. ಮೂರನೆಯದರಲ್ಲಿ ಆ ಬಿರಡೆ ಇರುವುದು ತಗ್ಗಿನ ಜಾಗದಲ್ಲಿ ಅಲ್ಲ. ತಗ್ಗಿನಲ್ಲಿ ಇರುವುದು ಅರ್ಥ್ ಬೋಲ್ಟು. ಬಿರಡೆ ತೆಗೆದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಮಳೆಗಾಲದ ರಸ್ತೆಯ ನೀರು ಒಳಗೆ ಬರುತ್ತದೆ, ಅಷ್ಟೇ. ಅದೇ ಕಾರಿನ ಸರ್ವಿಸ್ ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಂದವನು ನಾನು. ಹಳೆಯ ಉಪಾಯ ಹೊಸ ಕಾರಿಗೆ ಸಲ್ಲುತ್ತದೆಯೇ ಎಂದು ಒಮ್ಮೆ ನೆಲಹಾಸು ಎತ್ತಿ ನೋಡಿರಲಿಲ್ಲ.

ಅಷ್ಟರಲ್ಲಿ ಕಾರು ಮತ್ತೆ ನಿಂತ ಸುದ್ದಿ ಕೇಳಿ ನಫೀಸಾ ಬಂದಳು. ನಮ್ಮ ಸರ್ವಿಸ್ ಮ್ಯಾನೇಜರೂ ಬಂದರು. ನನಗಿಂತ ಕಿರಿಯರು, ಕೆಟ್ಟವರಲ್ಲ. ನೀರು ನೋಡಿ, "ಮೀನಿನ ನೀರಿನಿಂದ ಹಾಳಾಗಿದೆ ಅಂತ ಬರೆಯಿರಿ ಆಚಾರ್ಯರೇ, ಮುಗಿಯಿತು" ಎಂದರು. ಅದರಲ್ಲಿ ಸುಳ್ಳಿರಲಿಲ್ಲ, ಆದರೆ ಹಾಗೆ ಬರೆದರೆ ತಪ್ಪೆಲ್ಲ ಹಾಜಿಯವರದಾಗುತ್ತಿತ್ತು.

ನಫೀಸಾ ಚೀಲದಲ್ಲಿದ್ದ ಬಿರಡೆಯನ್ನು ಎತ್ತಿ ಹಿಡಿದಳು. "ಇದು ಎಂತ ಬಾಪ? ಹೊಸ ಕಾರಿನ ಭಾಗ ಯಾರಾದರೂ ಕಿತ್ತು ತೆಗೆಯುತ್ತಾರಾ? ನನಗೆ ಇದಕ್ಕೇ ಹೆದರಿಕೆ ಆಗುವುದು." ಅವಳ ಸ್ವರದಲ್ಲಿ ಸಿಟ್ಟಿಗಿಂತ ಅಳು ಹೆಚ್ಚಿತ್ತು.

ಹಾಜಿಯವರು ನನ್ನನ್ನು ಒಮ್ಮೆ ನೋಡಿದರು. ಮ್ಯಾನೇಜರನ್ನು ನೋಡಿದರು. ಆಮೇಲೆ ಕಿಸೆಯಿಂದ ಕೀ ತೆಗೆದು ಮಗಳ ಕೈಗೆ ಕೊಟ್ಟರು. "ನನಗೆ ಗೊತ್ತಾಗಲಿಲ್ಲ ಮಗಳೇ" ಎಂದರು, ಅಷ್ಟೇ.

ಹದಿನಾಲ್ಕು ವರ್ಷ ಹಿಂದೆ ಯಾರು ಹೇಳಿಕೊಟ್ಟದ್ದು ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ಒಂದು ಮಾತು ಹೇಳಿದ್ದರೆ ಕೀ ಅವರ ಕಿಸೆಯಲ್ಲೇ ಉಳಿಯುತ್ತಿತ್ತು. ಹೇಳಲಿಲ್ಲ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆದದ್ದಿಲ್ಲ.

"ನಫೀಸಾ, ಅವರಿಗೆ ಮರೆವು ಬಂದಿಲ್ಲ" ಎಂದೆ. "ಮರೆವು ಬಂದಿದ್ದರೆ ಈ ಕಾರು ನಿಲ್ಲುತ್ತಲೇ ಇರಲಿಲ್ಲ. ಈ ಬಿರಡೆ ತೆಗೆಯಲಿಕ್ಕೆ ಹೇಳಿಕೊಟ್ಟದ್ದು ನಾನು. ಹೊಸ ಕಾರಿಗೆ ಅದು ಆಗುವುದಿಲ್ಲ ಅಂತ ಹೇಳಬೇಕಿದ್ದದ್ದೂ ನಾನು. ಇವತ್ತು ಬೆಳಿಗ್ಗೆ ಇವರ ಪಕ್ಕ ಕೂತು ಬಂದಿದ್ದೇನೆ. ನಮ್ಮ ವರ್ಕ್‌ಶಾಪಿನಲ್ಲಿ ಇವರಷ್ಟು ಚೆನ್ನಾಗಿ ಓಡಿಸುವವರು ಯಾರೂ ಇಲ್ಲ, ನಾನೂ ಸೇರಿ."

ರಿಪೋರ್ಟಿನಲ್ಲಿ "ವರ್ಕ್‌ಶಾಪಿನ ತಪ್ಪು ಸಲಹೆ" ಎಂದೇ ಬರೆದು ಸಹಿ ಹಾಕಿದೆ. ಕಂಪೆನಿಯಿಂದ ವಿವರಣೆ ಕೇಳಿ ಪತ್ರ ಬಂತು, ಉತ್ತರ ಕೊಟ್ಟೆ. ಬಿರಡೆಯ ಉಪಾಯ ಹೇಳಿಕೊಟ್ಟ ಗಿರಾಕಿಗಳನ್ನೆಲ್ಲ ನೆನಪಿಸಿಕೊಂಡು ಫೋನ್ ಮಾಡಿದೆ. ಶಿರ್ವದ ಒಂದು ಕಾರಿನಲ್ಲಿ ಬೋಲ್ಟು ಆಗಲೇ ಹಸಿರಾಗತೊಡಗಿತ್ತು.

ನಫೀಸಾ ಅಂದೇ ಕೀ ವಾಪಸ್ ಕೊಟ್ಟಳು. ಅವಳು ಹೋದ ಮೇಲೆ ಹಾಜಿಯವರನ್ನು ಕೇಳಿದೆ, ಯಾಕೆ ಸುಮ್ಮನಿದ್ದಿರಿ ಎಂದು. "ನಿಮ್ಮ ಮ್ಯಾನೇಜರ್ ಎದುರಿಗೆ ಇದ್ದರಲ್ಲ ಮಾರಾಯ್ರೇ" ಎಂದರು. "ಯಜಮಾನರ ಎದುರು ತಲೆ ತಗ್ಗಿಸಿ ನಿಲ್ಲುವುದು ಎಂತ ಅಂತ ನನಗೆ ಗೊತ್ತುಂಟು."

ನನ್ನ ಅಪ್ಪ ಕಾರ್ಕಳದ ಕಲ್ಲಿನ ಕೋರೆಯಲ್ಲಿ ಉಳಿಗಳಿಗೆ ಹದ ಹಾಕುತ್ತಿದ್ದರು. ಹೊಸ ಕಲ್ಲು ಸಿಕ್ಕರೆ ಮೊದಲು ತಟ್ಟಿ ಕೇಳುತ್ತಿದ್ದರು, ಆಮೇಲೆ ಉಳಿಯ ಹದ ಬದಲಿಸುತ್ತಿದ್ದರು. ಅವರು ದಿನಾ ಮಾಡುತ್ತಿದ್ದ ಆ ಕೆಲಸವನ್ನು ಕಲಿಯಲು ನನಗೆ ಮೂರು ಜನರೇಷನ್ನಿನ ಕಾರು ಬೇಕಾಯಿತು. ಕಾರು ಮಾಡುವವರು ಪ್ರತಿ ಸಲವೂ ತಾವು ಕಟ್ಟಿದ್ದನ್ನೇ ಕೆಡವಿ ಹೊಸದಾಗಿ ಯೋಚಿಸಿದರು. ನಾನು ಮಾತ್ರ ಮೊದಲನೆಯದರಲ್ಲೇ ಪಂಡಿತನಾಗಿ ಕೂತಿದ್ದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ವರ್ಕ್‌ಶಾಪಿನ ಗೇಟಿನಲ್ಲಿ ಅದೇ ಕಾರು ನಿಂತಿತು. ಹಾಜಿಯವರು ಇಳಿದು ಡಿಕ್ಕಿ ತೆಗೆದರು. ಮೀನಿನ ಪೆಟ್ಟಿಗೆ ಈಗ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ಕೂತಿತ್ತು.

"ಹೀಗೆ ಇಟ್ಟರೆ ಆಗಬಹುದಾ ಆಚಾರ್ರೇ?"

ಆಗಬಹುದು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಸ್ವಲ್ಪ ನಿಲ್ಲಿ, ನೋಡಿ ಹೇಳುತ್ತೇನೆ" ಎಂದು ಟಬ್ಬನ್ನು ಕೆಳಗಿಳಿಸಿ, ನೆಲಹಾಸು ಎತ್ತಿದೆ.