ಅರಿಶಿನದ ನೀರು ಮತ್ತು ಬಿಂಬುಳಿ ಮರ

ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ ಎನ್ನುವುದು ಬಟ್ಟೆ ಒಗೆಯುವವರಿಗೆ ಹೊಸ ಸಂಗತಿಯಲ್ಲ. ಆ ಕೆಂಪಿನ ಮೇಲೆ ನಿಂಬೆಹುಳಿ ಬಿದ್ದರೆ ಮತ್ತೆ ಹಳದಿಗೆ ತಿರುಗುತ್ತದೆ ಎಂದು ನನಗೆ ತಿಳಿದದ್ದು ಮಾತ್ರ ಈಚೆಗೆ, ಸಾಗರದ ನಮ್ಮ ಮನೆಯ ಒಗೆಯುವ ಕಲ್ಲಿನ ಮೇಲೆ. ಮೀನಿಗೆ ನಿಂಬೆ ಹಿಂಡಿದ ಕೈಯನ್ನು ತೊಳೆಯದೆಯೇ ನಮ್ಮವರ ಅಂಗಿ ಉಜ್ಜಲು ಹೋಗಿದ್ದೆ. ಕಣ್ಣೆದುರೇ ಕಲೆಯ ಬಣ್ಣ ಬದಲಾಯಿತು.

"ಅತ್ತೆ, ಇಲ್ಲಿ ಬನ್ನಿ, ಬೇಗ!"

ಅತ್ತೆ ಎಲೆ ಅಡಿಕೆ ಜಗಿಯುತ್ತ ಬಂದು ಬಗ್ಗಿ ನೋಡಿದರು. "ಎಂತ, ಕಲೆ ಇನ್ನೂ ಅಲ್ಲೇ ಇದೆಯಲ್ಲ. ಇದಕ್ಕೆ ಇಷ್ಟು ಕೂಗೋದಾ?" ಎಂದು ಹೊರಟುಹೋದರು.

ನನಗೆ ಆಗಲೇ ಒಂದು ಪಾಠ ಹೊಳೆದಿತ್ತು. ಪ್ರತಿ ಬೇಸಿಗೆ ರಜೆಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಚರ್ಚುಗಳ ಮಕ್ಕಳನ್ನು ಹೊಸನಗರದಲ್ಲಿ ಸೇರಿಸಿ ಪ್ರಥಮ ಪರಮಪ್ರಸಾದಕ್ಕೆ ಸಿದ್ಧ ಮಾಡುತ್ತೇವೆ. ಭಾನುವಾರ ಪೂಜೆಯಲ್ಲಿ ಮಕ್ಕಳು ಮೊದಲ ಸಲ ಪ್ರಸಾದ ಸ್ವೀಕರಿಸಬೇಕಾದರೆ ಹಿಂದಿನ ಸಂಜೆ ಪಾಪನಿವೇದನೆ ಆಗಬೇಕು. ಎಂದರೆ, ಒಬ್ಬರೇ ಹೋಗಿ ಫಾದರ್ ಎದುರು ಮೊಣಕಾಲೂರಿ, ಮಾಡಿದ ತಪ್ಪು ಹೇಳಿಕೊಂಡು, ದೇವರ ಕ್ಷಮೆ ಪಡೆಯಬೇಕು. ಕ್ಷಮೆ ಎಂದರೇನು ಎಂದು ಆ ವಯಸ್ಸಿನವರಿಗೆ ಹೇಳುವುದೇ ನನಗೆ ಕಷ್ಟ. "ದೇವರು ಕ್ಷಮಿಸ್ತಾನೆ" ಎಂದರೆ ಎಲ್ಲರೂ ರಾಗವಾಗಿ "ಹೌದು ಟೀಚರ್" ಎನ್ನುತ್ತಾರೆ, ಕಣ್ಣು ಮಾತ್ರ ಕಿಟಕಿಯ ಹೊರಗಿರುತ್ತದೆ. ಈ ಸಲ ಕಣ್ಣಿಗೇ ತೋರಿಸಿಬಿಡೋಣ ಎಂದುಕೊಂಡೆ.

ಅತ್ತೆಯ ಸುಣ್ಣದ ಡಬ್ಬಿ ಕೇಳಿ ತೆಗೆದುಕೊಂಡೆ. ಮನೆಯ ನಿಂಬೆಹಣ್ಣು, ಅರಿಶಿನದ ಪೊಟ್ಟಣ, ಉದ್ದನೆಯ ಗಾಜಿನ ಲೋಟ, ಎಲ್ಲವನ್ನೂ ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ತಿರುವು ಬಂದಾಗಲೆಲ್ಲ ಲೋಟ ತಬ್ಬಿಕೊಂಡು ಕುಳಿತ ನನ್ನನ್ನು ನೋಡಿ ಕಂಡಕ್ಟರು, "ಏನಕ್ಕ, ಒಳಗೆ ಮೊಟ್ಟೆನಾ?" ಎಂದು ಕೇಳಿದ.

ಹೊಸನಗರಕ್ಕೆ ಬಂದ ಕೂಡಲೇ ಅಡಿಗೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ತೀರ್ಥಹಳ್ಳಿ ಕಡೆ ಹುಡುಗಿ ಒಬ್ಳು ಪಾಪನಿವೇದನೆಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ಬಿಳಿ ಫ್ರಾಕ್ ಹೊಲಿಸಿ ಆಗಿದೆ, ಅಜ್ಜಿ ಬರ್ತಿದ್ದಾರೆ. ನೀವೇ ಒಂದು ಮಾತಾಡಿ."

ಊಟದ ತಟ್ಟೆ ತೊಳೆಯುವಾಗ ಹುಡುಗಿಯ ಪಕ್ಕ ಹೋಗಿ ಕುಳಿತೆ. ಎರಡು ಜಡೆ, ಮುಂದಿನ ಹಲ್ಲು ಬಿದ್ದು ಹೊಸದು ಅರ್ಧ ಬಂದಿತ್ತು.

"ಫಾದರ್ ಬೈತಾರೆ ಅಂತ ಹೆದರಿಕೆನಾ ಪುಟ್ಟಿ?"

"ಅಲ್ಲ."

"ಮತ್ತೆಂತ?"

ತಟ್ಟೆಯನ್ನು ಇನ್ನೊಮ್ಮೆ ಉಜ್ಜಿದಳು. "ನಾನು ತಮ್ಮನಿಗೆ ಚಿವುಟ್ತೀನಿ ಟೀಚರ್. ಸಾರಿ ಅಂತೀನಿ. ಆಮೇಲೆ ಮತ್ತೆ ಚಿವುಟ್ತೀನಿ. ಅವನು ಅಷ್ಟು ಕೀಟಲೆ ಮಾಡ್ತಾನೆ. ಫಾದರ್ ಹತ್ರ ಹೇಳಿ ಬಂದ್ಮೇಲೂ ಚಿವುಟಿದ್ರೆ ದೇವರಿಗೇ ಸುಳ್ಳು ಹೇಳಿದ ಹಾಗಾಗಲ್ವಾ? ಅದಕ್ಕೇ ಹೋಗಲ್ಲ."

ಹೆದರಿಕೆಯಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳ ಕೈಯಿಂದ ತಟ್ಟೆ ತೆಗೆದು ಒರೆಸಿಟ್ಟೆ, ಅಷ್ಟೇ.

ಮರುದಿನ ಶನಿವಾರ. ಸಂಜೆಗೆ ಪಾಪನಿವೇದನೆ. ಬೆಳಗ್ಗೆ ಚರ್ಚಿನ ಪಕ್ಕದ ದೊಡ್ಡ ಕೋಣೆಯಲ್ಲಿ ಮೇಜಿನ ಮೇಲೆ ನೀರಿನ ಲೋಟ ಇಟ್ಟು ಅರಿಶಿನ ಕದಡಿದೆ. ಚಾಪೆಯ ಮೇಲಿದ್ದವರೆಲ್ಲ ಮಂಡಿಯಲ್ಲೇ ಜರುಗಿ ಹತ್ತಿರ ಬಂದರು.

"ಇದು ನಮ್ಮ ಮನಸ್ಸು. ಈಗ ಪಾಪ ಬರ್ತದೆ, ನೋಡಿ," ಎಂದು ಸುಣ್ಣ ಬಿಟ್ಟು ಚಮಚ ತಿರುಗಿಸಿದೆ. ಹಳದಿ ನೀರು ಸರ್ರನೆ ಕೆಂಪಾಯಿತು.

"ಹೋ! ಆರತಿ ನೀರು!"

"ಟೀಚರ್, ನಮ್ಮ ಪಕ್ಕದ ಮನೆ ಅಕ್ಕ ಪಾಪು ಎತ್ಕೊಂಡು ಬಂದಾಗ ಇದನ್ನೇ ಎತ್ತಿದ್ರು!"

"ಮದುಮಗಳು ಒಳಗೆ ಬರೋವಾಗ್ಲೂ!"

ಮನೆಯಲ್ಲಿ ಎಷ್ಟು ಸಲ ಮಾಡಿ ನೋಡಿದ್ದೆ, ಇದು ತಲೆಗೇ ಬಂದಿರಲಿಲ್ಲ. ನಾನೇ ಎಷ್ಟು ಮದುವೆ ಮನೆಗಳ ಬಾಗಿಲಲ್ಲಿ ಆ ತಟ್ಟೆ ಹಿಡಿದವರ ಪಕ್ಕ ನಿಂತು ನಕ್ಕಿದ್ದೇನೆ! ನೆರೆಮನೆಯವರು ಶುಭಕ್ಕೆ ಎತ್ತುವ ನೀರನ್ನು ಪಾಪ ಎಂದು ತೋರಿಸಲು ಹೊರಟಿದ್ದೆ. ನಿಂಬೆ ಹಿಂಡಿ ಮತ್ತೆ ಹಳದಿ ಮಾಡಿದಾಗಲಂತೂ ಮುಂದಿನ ಸಾಲಿನ ಹುಡುಗ ಮುಖ ಸೊಟ್ಟ ಮಾಡಿದ. "ಯಾಕೆ ಹಾಳು ಮಾಡಿದ್ರಿ ಟೀಚರ್? ಕೆಂಪೇ ಚಂದ ಇತ್ತು."

ಎಲ್ಲರೂ ನಕ್ಕರು. ನನಗೂ ನಗು ಬಂತು. "ಚಂದ ಇತ್ತು ಮಾರಾಯ, ಒಪ್ಪಿದೆ. ಕೆಂಪಿಗೆ ಪಾಪ ಅಂದಿದ್ದು ನನ್ನದೇ ತಪ್ಪು. ಬಣ್ಣದ ಮಾತು ಬಿಡಿ. ನೀರು ಮೊದಲು ಹೇಗಿತ್ತೋ ಹಾಗೆ ವಾಪಸ್ ಬಂತಾ ಇಲ್ವಾ, ಅಷ್ಟು ಹೇಳಿ."

"ಬಂತು!"

ಆಗ ಹಿಂದಿನಿಂದ ಸಣ್ಣ ದನಿ ಕೇಳಿತು. "ಮತ್ತೆ ಸುಣ್ಣ ಹಾಕಿದ್ರೆ?"

ಎರಡು ಜಡೆಯ ಹುಡುಗಿ. ಎದ್ದು ನಿಂತಿದ್ದಳು.

ಒಂದು ಸಲ ತೋರಿಸಿ, ಪ್ರಾರ್ಥನೆ ಹೇಳಿಸಿ ಮುಗಿಸುವುದೆಂದಿದ್ದೆ. "ನೀನೇ ಹಾಕು ಬಾ," ಎಂದೆ. ಅವಳು ಚಮಚದ ತುದಿಯಲ್ಲಿ ಸುಣ್ಣ ತೆಗೆದು ಕದಡಿದಳು. ಕೆಂಪು.

"ಈಗ ನಿಂಬೆ ಹಿಂಡಿದ್ರೆ ಬರಲ್ಲ ಅಲ್ವಾ?"

"ಹಿಂಡಿ ನೋಡು."

ಹಿಂಡಿದಳು. ಹಳದಿ! ಅವಳ ಕಣ್ಣು ಅರಳಿತು. ಕೇಳದೆಯೇ ಇನ್ನೊಮ್ಮೆ ಸುಣ್ಣ ಹಾಕಿದಳು, ಮತ್ತೆ ನಿಂಬೆ. ಈಗ ಕೋಣೆಯೆಲ್ಲ ಕ್ರಿಕೆಟ್ ಮೈದಾನವಾಯಿತು. "ಕೆಂಪೂ!" "ಹಳದೀ!" ಎಂಬ ಕೂಗಿಗೆ ಸಿಸ್ಟರ್ ಸೌಟು ಹಿಡಿದೇ ಓಡಿಬಂದರು. ಹುಡುಗಿ ಯಾರ ಕಡೆಗೂ ನೋಡುತ್ತಿರಲಿಲ್ಲ. ತುಟಿ ಕಚ್ಚಿ ಲೋಟವನ್ನೇ ಪರೀಕ್ಷೆ ಮಾಡುತ್ತಿದ್ದಳು, ಇದು ಎಲ್ಲಿ ಸೋಲುತ್ತದೆ ನೋಡೋಣ ಎಂಬಂತೆ. ಕೊನೆಗೊಮ್ಮೆ ಸುಣ್ಣ ತುಸು ಹೆಚ್ಚೇ ಬಿತ್ತು. ಗಾಢ ಕೆಂಪು. ಟವೆಲು ಕೊಡವಿದೆ. ನಿಂಬೆ ಮುಗಿದಿತ್ತು, ಬರೀ ಸಿಪ್ಪೆ.

ಗದ್ದಲ ನಿಂತುಹೋಯಿತು. ಅವಳು ನನ್ನ ಮುಖ ನೋಡಿದಳು. "ಮುಗೀತು ಅಲ್ವಾ," ಎಂದಳು. ನಾನು ಸಿಸ್ಟರ್ ಕಡೆ ತಿರುಗಿದೆ. ಅಡಿಗೆಮನೆಯಲ್ಲಿ ನಿಂಬೆ ಇಲ್ಲವೆಂದು ಸಿಸ್ಟರ್ ತಲೆಯಾಡಿಸಿದರು.

ಆಗ ನನ್ನ ಕಣ್ಣು ಕಿಟಕಿಯ ಹೊರಗೆ ಹೋಯಿತು. ಚರ್ಚಿನ ಹಿಂದೆ ಬಿಂಬುಳಿ ಮರ. ಬೊಡ್ಡೆಯಿಂದ ಕೊಂಬೆಯವರೆಗೆ ಹಸಿರು ಕಾಯಿ ಗೊಂಚಲು ಗೊಂಚಲಾಗಿ ಜೋತಿತ್ತು. ಹಿಂದಿನ ದಿನವಷ್ಟೇ ಸಿಸ್ಟರ್ ಅದನ್ನು ಮೀನಿನ ಸಾರಿಗೆ ಹಾಕಿದ್ದರು. ಹಲ್ಲು ಚುಳ್ಳೆನ್ನುವಷ್ಟು ಹುಳಿ.

"ನಿಂಬೆನೇ ಆಗ್ಬೇಕು ಅಂತ ಯಾರು ಹೇಳಿದ್ರು? ಹುಳಿ ಸಾಕು. ಓಡಿ, ಬಿಂಬುಳಿ ತನ್ನಿ!"

ಕೋಣೆ ಖಾಲಿಯಾಯಿತು. ಮರದ ಬುಡದಲ್ಲಿ ನೂಕುನುಗ್ಗಲು. ಫ್ರಾಕಿನ ಮಡಿಲಲ್ಲಿ, ಟೋಪಿಯಲ್ಲಿ, ಬಾಯಲ್ಲಿ ಕೂಡ ಕಾಯಿ ಬಂತು. ಅವಳು ಒಂದನ್ನು ಅಂಗೈಯಲ್ಲಿ ಜಜ್ಜಿ ಹಿಂಡಿದಳು. ಏನೂ ಆಗಲಿಲ್ಲ. ಇನ್ನೊಂದು. ಬಣ್ಣ ಸ್ವಲ್ಪ ಸಡಿಲವಾಯಿತು. ಮತ್ತೊಂದು ಹಿಂಡಿ ಚಮಚ ತಿರುಗಿಸಿದ್ದೇ ತಡ, ನಡುವಿನಿಂದ ಹಳದಿ ಸುರುಳಿ ಬಿಚ್ಚಿಕೊಂಡು ಲೋಟವೆಲ್ಲ ಹರಡಿತು.

"ಬಂತೂ!" ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ ಇರಬೇಕು.

ಗದ್ದಲ ಕೇಳಿ ಬಂದ ಫಾದರ್ ಬಾಗಿಲಲ್ಲಿ ನಿಂತು, "ಏನು ಟೀಚರ್, ಪಾಠನಾ ಉಪ್ಪಿನಕಾಯಿನಾ?" ಎಂದರು.

ಹುಡುಗಿ ತುಂಬಿದ ಲೋಟವನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. ಆಮೇಲೆ ನೇರವಾಗಿ ಅವರನ್ನೇ ಕೇಳಿದಳು: "ಫಾದರ್, ಹೇಳಿದ ಮೇಲೂ ಮತ್ತೆ ತಪ್ಪು ಮಾಡಿದ್ರೆ, ಮತ್ತೆ ಬರಬಹುದಾ?"

"ಬರಬೇಕು ಮಗು. ನಾನೂ ಹೋಗ್ತೀನಿ, ಗೊತ್ತಾ? ಇನ್ನೊಬ್ಬ ಫಾದರ್ ಹತ್ರ."

"ನೀವೂನಾ!" ಇಡೀ ಕೋಣೆ ಬಾಯಿ ಬಿಟ್ಟಿತು.

ಸಂಜೆ ಅವಳು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಒಳಗೆ ಏನು ಹೇಳಿದಳೋ ಅದು ಅವಳಿಗೆ, ಫಾದರಿಗೆ, ದೇವರಿಗೆ ಸೇರಿದ್ದು. ಹೊರಗೆ ಬಂದದ್ದು ಮಾತ್ರ ಕುಂಟಾಬಿಲ್ಲೆ ಆಡುವವಳಂತೆ ಒಂಟಿಗಾಲಲ್ಲಿ ಜಿಗಿಯುತ್ತ.

ಭಾನುವಾರ ಪೂಜೆ ಮುಗಿದು ಅಂಗಳದಲ್ಲಿ ಫೋಟೋ ತೆಗೆಯುವ ಗಡಿಬಿಡಿ. ಬಿಳಿ ಫ್ರಾಕಿನಲ್ಲಿ ಅಜ್ಜಿಯ ಕೈ ಹಿಡಿದು ನಿಂತಿದ್ದಳು. ಅವಳ ತಮ್ಮ ಹಿಂದಿನಿಂದ ಬಂದು ತಲೆಯ ಹೂವಿನ ಕಿರೀಟ ಎಳೆದ. ಅವಳ ಕೈ ತಾನಾಗಿಯೇ ಹೋಗಿ ಅವನ ತೋಳಿಗೆ ಚಿವುಟಿತು. ಅವನು ಚೀರಿದ. ಅವಳು ಹೌಹಾರಿ ನನ್ನ ಕಡೆ ನೋಡಿದಳು.

ಅವಳು ತಮ್ಮನ ತೋಳು ಉಜ್ಜಿ, ಕಿವಿಯಲ್ಲಿ ಏನೋ ಹೇಳಿ, ಕಿರೀಟ ಬಿಚ್ಚಿ ಅವನ ತಲೆಗೇ ಇಟ್ಟಳು. ಆಮೇಲೆ ಒಮ್ಮೆ ಚರ್ಚಿನ ಹಿಂದಿನ ಬಿಂಬುಳಿಯ ಕಡೆ ಕಣ್ಣು ಹಾಯಿಸಿ, ಅರ್ಧ ಹಲ್ಲು ತೋರಿಸಿ ನಕ್ಕಳು. "ಮರದ ತುಂಬ ಇದಾವೆ, ಅಲ್ವಾ ಟೀಚರ್?"