ನಾಯಿಗೆ ನಡಿಗೆ ಕಲಿಸಿದ್ದು

ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸೋಗಾನೆಯ ತವರಿನಿಂದ ಒಂದು ಟ್ರಂಕು, ಎರಡು ಜಾಡಿ ಉಪ್ಪಿನಕಾಯಿ ಮತ್ತು ಒಂದು ನಾಯಿಯನ್ನು ತಂದಳು. ಟ್ರಂಕಿಗೆ ಬೀಗವಿತ್ತು, ಜಾಡಿಗಳಿಗೆ ಮುಚ್ಚಳವಿತ್ತು. ನಾಯಿಗೆ ಯಾವುದೂ ಇರಲಿಲ್ಲ. ಗದ್ದೆ ಬದುವಿನಲ್ಲಿ ಕೊರಳಿಗೆ ಹಗ್ಗ ಕಾಣದೆ ಬೆಳೆದ ಪ್ರಾಣಿ ಅದು. ನಾವಿದ್ದದ್ದೋ ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಲ್ಲಿ ಗಿಡಗಳು ಕೂಡ ಅಪ್ಪಣೆ ಪಡೆದವರ ಹಾಗೆ ಸಾಲಾಗಿ ನಿಂತಿರುತ್ತಿದ್ದವು.

ನಾನು ಕಾರ್ಖಾನೆಯಲ್ಲಿ ಗುಮಾಸ್ತ. ದಿನವಿಡೀ ಇಂಗ್ಲಿಷಿನಲ್ಲಿ ಪತ್ರ ಟೈಪ್ ಮಾಡುವವನಿಗೆ ನಾಯಿ ಯಾವ ಲೆಕ್ಕ? ಶಿವಮೊಗ್ಗದ ಗಾಂಧಿ ಬಜಾರಿನಿಂದ ಚರ್ಮದ ಪಟ್ಟಿ, ಸರಪಳಿ ತಂದೆ. ಗಂಟಲು ಸರಿಮಾಡಿಕೊಂಡು ‘ಕಮ್’ ಎಂದೆ, ‘ಸಿಟ್’ ಎಂದೆ. ನಾಯಿ ನನ್ನ ಹೆಂಡತಿಯ ಮುಖ ನೋಡಿತು. ಅವಳಿಗೂ ಇಂಗ್ಲಿಷ್ ಬರುತ್ತಿರಲಿಲ್ಲ.

ಅವಳು ಬರದಿದ್ದರೆ ಅದು ಗೇಟು ದಾಟುತ್ತಿರಲಿಲ್ಲ. ಹಾಗಾಗಿ ದಿನಾ ಸಂಜೆ ಮೂವರೂ ಹೊರಡುತ್ತಿದ್ದೆವು. ಮುಂದೆ ಸರಪಳಿ ಹಿಡಿದ ನಾನು, ಹತ್ತು ಹೆಜ್ಜೆ ಹಿಂದೆ ಅವಳು. ಆಗಿನ ಮರ್ಯಾದಸ್ಥರೆಲ್ಲ ಹೆಂಡತಿಯನ್ನು ಹೀಗೇ ಕರೆದುಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ನಡೆದರೆ ‘ಹೆಂಡತಿಯ ಗುಲಾಮ’ ಎಂಬ ಬಿರುದು ಖಾತ್ರಿ. ನಾಯಿಗೆ ಈ ಸಂಸ್ಕಾರವಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಹಿಂದಕ್ಕೆ ಜಗ್ಗುತ್ತಿತ್ತು. ನಾನು ಬೈಯುತ್ತಾ ಮುಂದಕ್ಕೆ ಎಳೆಯುತ್ತಿದ್ದೆ.

ಒಂದು ದಿನ ಸೈರನ್ ಕೂಗಿ ಶಿಫ್ಟ್ ಬಿಟ್ಟ ಹೊತ್ತಿಗೆ ಸರಪಳಿ ರಸ್ತೆಗೆ ಅಡ್ಡವಾಗಿ ಬಿಗಿದು, ಫಿಟ್ಟರ್ ಒಬ್ಬ ಸೈಕಲ್ ಸಮೇತ ಉರುಳಿದ. ಮಾರನೆಯ ದಿನವೇ ಕ್ವಾರ್ಟರ್ಸ್ ನೋಡಿಕೊಳ್ಳುವ ಮೇಲ್ವಿಚಾರಕರು ಬಾಗಿಲಿಗೆ ಬಂದರು.

“ಸೋಮವಾರ ಶಿಫ್ಟ್ ಬಿಡೋ ಹೊತ್ತಿಗೆ ನಾನೇ ನಿಂತು ನೋಡ್ತೀನಿ. ನೆಟ್ಟಗೆ ನಡೆದ್ರೆ ಸರಿ. ಇಲ್ದಿದ್ರೆ ನಾಯಿ ಇಲ್ಲಿರೋ ಹಾಗಿಲ್ಲ.”

ಅವರು ಹೋದ ಮೇಲೆ ಹೆಂಡತಿ, “ಊರಿಗೆ ಬಿಡೋದಾದ್ರೆ ನಾನೇ ಕರ್ಕೊಂಡು ಹೋಗ್ತೀನಿ” ಎಂದಳು.

“ಮತ್ತೆ ಯಾವಾಗ ಬರ್ತೀಯ?”

ಅವಳು ತಟ್ಟೆಗೆ ಸಾರು ಬಡಿಸಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಭಾನುವಾರ ಮಗಳನ್ನು ನೋಡಲು ಮಾವ ಬಂದರು. ನಮ್ಮ ಮೆರವಣಿಗೆಯನ್ನು ಮೆಟ್ಟಿಲ ಮೇಲೆ ಕೂತು ನೋಡಿದರು. ಎಲೆಅಡಿಕೆ ಉಗಿದು ಬಂದು ಹೇಳಿದರು:

“ಅಳಿಯಂದ್ರೇ, ಒಂದು ಎತ್ತು ಮುಂದೆ, ಒಂದು ಎತ್ತು ಹಿಂದೆ ಕಟ್ಟಿದ್ರೆ ಗಾಡಿ ಹೋಗುತ್ತಾ? ನಾಯಿದೇನೂ ತಪ್ಪಿಲ್ಲ. ನೀವಿಬ್ರೂ ಒಟ್ಟಿಗೆ ನಡೀರಿ, ಅದು ಮಧ್ಯ ನಡೆಯುತ್ತೆ.”

“ರಸ್ತೇಲಾ?” ಎಂದೆ.

“ಮತ್ತೆ ಅಡಿಗೆಮನೇಲಾ, ಮಾರಾಯ್ರೇ?”

ಸೋಮವಾರ ಸೈರನ್ ಕೂಗಿತು. ನಾವಿಬ್ಬರೂ ಪಕ್ಕಪಕ್ಕದಲ್ಲಿ ರಸ್ತೆಗಿಳಿದೆವು. ಇಡೀ ಕಾರ್ಖಾನೆ ಸೈಕಲ್ ಹತ್ತಿ ನನ್ನ ಮಾನ ಹರಾಜಾಗುವುದನ್ನು ನೋಡಲು ಬಂದಂತಿತ್ತು. ನಮ್ಮ ಸೆಕ್ಷನ್ನಿನವನೊಬ್ಬ ಬೇಕೆಂದೇ ಎರಡು ಸಲ ಬೆಲ್ ಹೊಡೆದ. ನನ್ನ ಕಾಲುಗಳು ಅಭ್ಯಾಸಬಲದಿಂದ ಮುಂದೆ ಮುಂದೆ ಹೋಗುತ್ತಿದ್ದವು. ಹೋದಾಗಲೆಲ್ಲ ಸರಪಳಿ ಬಿಗಿಯುತ್ತಿತ್ತು.

“ಮೆಲ್ಲಗೆ ರೀ,” ಎಂದಳು ಅವಳು. ನಾಯಿಗಲ್ಲ, ನನಗೆ.

ನಾನು ನಿಧಾನ ಮಾಡಿದೆ. ಸರಪಳಿ ಸಡಿಲವಾಯಿತು. ನಮ್ಮಿಬ್ಬರ ನಡುವೆ ನಾಯಿ ಬಾಲ ಇಳಿಬಿಟ್ಟುಕೊಂಡು ಮೂಲೆಯವರೆಗೂ ನಡೆಯಿತು. ಅಲ್ಲಿ ನಿಂತಿದ್ದ ಮೇಲ್ವಿಚಾರಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಾಯಿ ಪರವಾಗಿಲ್ಲ” ಎಂದು ಹೊರಟುಹೋದರು.

ಪರೀಕ್ಷೆ ಮುಗಿದಿತ್ತು, ಆದರೂ ನಾನು ಮುಂದೆ ಹೋಗಲಿಲ್ಲ. ಅವಳು ಊರಿಗೆ ಹೋಗುವ ಮಾತೆತ್ತದೆ ಬೇರೇನೇನೋ ಹೇಳತೊಡಗಿದಳು: ಪಕ್ಕದ ಮನೆಯವರ ಮಗುವಿಗೆ ಹಲ್ಲು ಬಂದದ್ದು, ನಲ್ಲಿಯ ನೀರಿಗೆ ತುಕ್ಕಿನ ವಾಸನೆ, ಮಧ್ಯಾಹ್ನ ಹೊತ್ತು ಹೋಗದಿರುವುದು.

“ಇವತ್ತೇನು ಇಷ್ಟೊಂದು ಮಾತು?” ಎಂದೆ.

“ದಿನಾ ಮಾತಾಡ್ತಾನೇ ಇದ್ದೆ,” ಎಂದಳು. “ನಿಮಗೆ ಕೇಳಿಸ್ತಿರಲಿಲ್ಲ. ನಾಯಿಗೆ ಕೇಳಿಸ್ತಿತ್ತು, ತಿರುಗಿ ನೋಡ್ತಿತ್ತು.”