ಬುಧವಾರದ ರಜೆಚೀಟಿ

ಮುದ್ರಣಾಲಯದ ಕಟಿಂಗ್ ಮಷೀನು ಇಪ್ಪತ್ತೆರಡು ವರ್ಷಗಳಿಂದ ನನ್ನ ಅಕ್ಕನದು. ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರಷ್ಟೇ ಅಲಗು ಇಳಿಯುತ್ತದೆ. ಒತ್ತುವ ಮುನ್ನ ಅಲಗಿನಡಿ ಒಮ್ಮೆ ನೋಡಬೇಕೆಂಬುದು ಅಲ್ಲಿನ ನಿಯಮ.

ಎರಡು ವರ್ಷಗಳ ಹಿಂದೆ, ಅವಳು ರಜೆಯಲ್ಲಿದ್ದ ದಿನ, ಒಂದೇ ಕೈಯಲ್ಲಿ ಕೆಲಸ ಸಾಗಲೆಂದು ಯಾರೋ ಒಂದು ಗುಂಡಿಗೆ ಬೆಣೆ ಸಿಕ್ಕಿಸಿದ್ದರು. ಅಲ್ಲಿ ಪುಸ್ತಕ ಹೊಲಿಯುತ್ತಿದ್ದ ಬೈಂಡರ್ ತಾತನ ಎರಡು ಬೆರಳು ಹೋದವು. ಅಂದಿನಿಂದ ಅಕ್ಕ ಪ್ರತಿ ಕಟ್ಟಿಗೂ ಒಂಬತ್ತು ಸಲ ಬಗ್ಗಿ ನೋಡತೊಡಗಿದಳು. ದಿನಕ್ಕೆ ನಲವತ್ತು ಕಟ್ಟು ಕತ್ತರಿಸುತ್ತಿದ್ದವಳು ಹದಿನೈದಕ್ಕಿಳಿದಳು. ಮೂರು ತಿಂಗಳಲ್ಲಿ ಸರಿಹೋಗದಿದ್ದರೆ ಮಷೀನು ಬಿಡಿಸಿ ಹಾಳೆ ಮಡಿಚುವ ಮೇಜಿಗೆ ಕಳುಹಿಸುವುದಾಗಿ ಫೋರ್‌ಮನ್ ತಿಳಿಸಿದರು.

ಅಕ್ಕ ಪ್ರತಿ ಬುಧವಾರ ಅರ್ಧ ದಿನ ರಜೆ ಹಾಕಿ ಮನೋಚಿಕಿತ್ಸಕಿಯೊಬ್ಬರ ಬಳಿ ಹೋಗತೊಡಗಿದಳು. ಮುದ್ರಣಾಲಯದಲ್ಲಿ ರಜೆಚೀಟಿಯನ್ನು ಕಾರಣಸಹಿತ ಬರೆದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಬೇಕು, ಬಂದವರೆಲ್ಲ ಓದುತ್ತಾರೆ. ಹೊಟ್ಟೆನೋವಿಗಿಂತ ದೊಡ್ಡ ಕಾಯಿಲೆ ಆ ಮೊಳೆಯಲ್ಲಿ ಎಂದೂ ನೇತಾಡಿದ್ದಿಲ್ಲ. ಅಕ್ಕ ದುಂಡಗಿನ ಅಕ್ಷರದಲ್ಲಿ ‘ಮನೋಚಿಕಿತ್ಸೆ’ ಎಂದು ಬರೆದಳು.

ಫೋರ್‌ಮನ್ ಚೀಟಿ ಕಿತ್ತು ತಂದರು. “ಹಲ್ಲುನೋವು ಅಂತ ಬರಿಯಮ್ಮ. ನಾಲ್ಕು ಜನ ಏನಂದ್ಕೋತಾರೆ?”

“ನನ್ನ ಹಲ್ಲು ಗಟ್ಟಿಯಾಗಿದೆ ಸಾರ್. ಆ ನಾಲ್ಕು ಜನಕ್ಕೂ ಓದೋಕೆ ಬರುತ್ತಲ್ಲ, ಓದ್ಲಿ ಬಿಡಿ.”

ಆ ನಾಲ್ಕು ಜನರಲ್ಲಿ ನಾನೂ ಒಬ್ಬ. ಮಾತಾಡುವುದಕ್ಕೆ ಮನೆಯಲ್ಲಿ ನಾವಿಲ್ಲವೇ ಎಂದಿದ್ದೆ.

“ನೀನು ಸಮಾಧಾನ ಹೇಳ್ತೀಯ ಕಣೋ,” ಎಂದಳು. “ಅವರು ಹೇಳಲ್ಲ.”

ಚಿಕಿತ್ಸಕಿ ಕೇಳುತ್ತಿದ್ದರಂತೆ: ಮೊದಲ ಸಲ ಕಾಣದ್ದು ಎರಡನೆಯ ಸಲ ಏನು ಕಂಡಿತು? ಉತ್ತರಿಸದಿದ್ದರೆ ಕಾಯುತ್ತಿದ್ದರಂತೆ. ಐದನೆಯ ವಾರ ಅಕ್ಕನ ಬಾಯಿಂದ ಅವಳೇ ಕೇಳಿರದ ಮಾತು ಹೊರಬಂತು: ತಾನು ರಜೆ ಹಾಕದಿದ್ದರೆ ತಾತನ ಬೆರಳು ಉಳಿಯುತ್ತಿತ್ತು. ಬೆಣೆ ಸಿಕ್ಕಿಸಿದವರ ತಪ್ಪನ್ನು ಅವಳು ಹೊತ್ತು ಕುಳಿತಿದ್ದಳು. ಆಮೇಲೆ ಅವರು ಕೊಟ್ಟ ಅಭ್ಯಾಸ ಶುರುವಾಯಿತು. ವಾರಕ್ಕೊಂದು ನೋಟ ಕಡಿಮೆ. ಕೈ ನಡುಗಿದರೆ ನಡುಗಲಿ. ನಡುಕ ಎಷ್ಟು ಹೊತ್ತಿಗೆ ನಿಂತಿತೆಂದು ಪುಸ್ತಕದಲ್ಲಿ ಬರೆಯಬೇಕು. ಮೊದಲು ಇಪ್ಪತ್ತು ನಿಮಿಷ. ನಂತರ ಹನ್ನೊಂದು. ಒಂದು ವಾರ ಮತ್ತೆ ಹದಿನೆಂಟು, ಅದನ್ನೂ ಬರೆದಳು.

ಗಡುವಿನ ಕೊನೆಯ ಮಂಗಳವಾರ ಫೋರ್‌ಮನ್ ಮಷೀನಿನ ಪಕ್ಕ ಬಂದು ನಿಂತರು. ಅಕ್ಕ ಕಟ್ಟು ಒಳಗಿಟ್ಟು, ಬಗ್ಗಿ ಒಮ್ಮೆ ನೋಡಿ, ನೆಟ್ಟಗೆ ನಿಂತಳು. ಫೋರ್‌ಮನ್ ತಾವೇ ಬಗ್ಗಿ ಅಲಗಿನಡಿ ಇಣುಕಿದರು.

“ಇನ್ನೊಂದ್ಸಲ ನೋಡ್ಬಿಡಮ್ಮ.”

“ನೋಡಾಯ್ತು ಸಾರ್.”

ಎರಡೂ ಅಂಗೈ ಗುಂಡಿಗಳ ಮೇಲೆ ಕುಳಿತವು. ಅಲಗು ಇಳಿಯಿತು.

ಮರುದಿನ ಬುಧವಾರ. ಮೊಳೆಯಲ್ಲಿ ಅದೇ ದುಂಡಗಿನ ಅಕ್ಷರ.